ಒಂದೂವರೆ ಡಿಗ್ರಿ ಯಾವ ಲೆಕ್ಕ? ಈಗ ತಡವಾಗಿಹೋಯಿತೇ?

ಪ್ರಶ್ನೆ: ಭೂಮಿ ಒಂದೂವರೆ ಡಿಗ್ರಿ ಬಿಸಿಯಾದರೆ ಅನಾಹುತ ಎಂದು ಎಲ್ಲೆಡೆ ಓದುತ್ತೇವೆ. ಬೆಳಗಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ವ್ಯತ್ಯಾಸ ಇರುವಾಗ ಒಂದೂವರೆ ಡಿಗ್ರಿ ಯಾವ ಲೆಕ್ಕ ಎಂದು ಒಂಬತ್ತನೇ ತರಗತಿಯ ನನ್ನ ಮಗಳು ಕೇಳಿದಳು. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ಗಿಡ ನೆಟ್ಟರೆ ಇದು ಸರಿಹೋಗುತ್ತದೆಯೇ? ಅಥವಾ ಇನ್ನು ಏನು ಮಾಡಿದರೂ ತಡವಾಯಿತು ಎನ್ನುವುದೇ ನಿಜವೇ?

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ವಾತಾವರಣ ವಿಜ್ಞಾನ ಪಾಠ ಮಾಡುವ ನನಗೆ ಕಾಲೇಜಿನ ಮಕ್ಕಳಿಂದಲೂ ಮೊದಲು ಎದುರಾಗುವ ಪ್ರಶ್ನೆ ಇದೇ. ಇದನ್ನು ಬಿಡಿಸಿ ಹೇಳಿದರೆ ನಿಮ್ಮ ಉಳಿದೆರಡು ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕ ಹಾಗೆ.

ಬೆಳಗಿನಿಂದ ಮಧ್ಯಾಹ್ನಕ್ಕೆ ಏರುವ ಹತ್ತು ಡಿಗ್ರಿ ಒಂದು ಜಾಗದ, ಒಂದು ಹೊತ್ತಿನ ಲೆಕ್ಕ. ಇಲ್ಲಿ ಹಗಲಾದಾಗ ಭೂಮಿಯ ಆ ಬದಿಯಲ್ಲಿ ರಾತ್ರಿ. ಉತ್ತರಾರ್ಧಗೋಳ ಬೇಸಿಗೆಯಲ್ಲಿ ಬೇಯುವಾಗ ದಕ್ಷಿಣಾರ್ಧದಲ್ಲಿ ಚಳಿಗಾಲ. ಇವನ್ನೆಲ್ಲ ಕೂಡಿಸಿ ಇಡೀ ಭೂಮಿಗೆ, ಇಡೀ ವರ್ಷಕ್ಕೆ ಸರಾಸರಿ ತೆಗೆದರೆ ಏರಿಳಿತಗಳು ಒಂದಕ್ಕೊಂದು ವಜಾ ಆಗಿ, ಸುಲಭಕ್ಕೆ ಅಲುಗದ ಒಂದು ಸಂಖ್ಯೆ ಉಳಿಯುತ್ತದೆ. ಅದು ಅಲುಗಬೇಕಾದರೆ ಭೂಮಿಗೆ ಬರುವ ಮತ್ತು ಭೂಮಿಯಿಂದ ಹೊರಡುವ ಶಾಖದ ಜಮಾ-ಖರ್ಚೇ ಬದಲಾಗಬೇಕು.

ಎಷ್ಟು ಅಲುಗಿದರೆ ಏನಾಗುತ್ತದೆ ಎಂಬುದಕ್ಕೆ ಭೂಮಿಯ ಚರಿತ್ರೆಯಲ್ಲೇ ಉದಾಹರಣೆ ಇದೆ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಅತಿ ತೀವ್ರವಾಗಿದ್ದಾಗ ಈ ಸರಾಸರಿ ಕೈಗಾರಿಕಾ ಯುಗಕ್ಕೆ ಮುಂಚಿನದಕ್ಕಿಂತ ಕಡಿಮೆ ಇದ್ದದ್ದು 5ರಿಂದ 7 ಡಿಗ್ರಿ, ಅಷ್ಟೇ. ಅಷ್ಟಕ್ಕೇ ಇವತ್ತಿನ ಕೆನಡಾದ ಬಹುಭಾಗ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆಯ ಅಡಿಯಲ್ಲಿತ್ತು, ಸಮುದ್ರ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಅಲ್ಲಿಂದ ಈಚೆ ಬರಲು ಭೂಮಿ ಹೆಚ್ಚೂಕಡಿಮೆ ಹತ್ತು ಸಾವಿರ ವರ್ಷ ತೆಗೆದುಕೊಂಡಿತು. ನಾವು ಒಂದು ಡಿಗ್ರಿಗಿಂತ ಹೆಚ್ಚು ಏರಿಸಿದ್ದು ಒಂದೂವರೆ ಶತಮಾನದಲ್ಲಿ. ಅದರಲ್ಲೂ ಬಹುಪಾಲು 1970ರಿಂದ ಈಚೆಗೆ, ನನ್ನ ನಿಮ್ಮ ಜೀವಮಾನದೊಳಗೆ.

1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದರೆ 2024ನೇ ಇಸವಿ ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಾಗಿತ್ತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಏರಿಕೆಯನ್ನು ಒಂದೂವರೆ ಡಿಗ್ರಿಯೊಳಗೆ ತಡೆಯಲು ಯತ್ನಿಸುತ್ತೇವೆ ಎಂದು ದೇಶಗಳು ಒಪ್ಪಿದ್ದು 2015ರ ಪ್ಯಾರಿಸ್ ಒಪ್ಪಂದದಲ್ಲಿ. ಒಂದು ವರ್ಷ ದಾಟಿದ ಮಾತ್ರಕ್ಕೆ ಆ ಒಪ್ಪಂದದ ಮಿತಿ ಮುರಿದುಬಿತ್ತು ಎನ್ನಲಾಗದು. ಆ ಮಿತಿ ಹಲವು ವರ್ಷಗಳ ಸರಾಸರಿಯ ಮಾತು. ಆದರೆ ಗಡಿ ತೀರಾ ಹತ್ತಿರ ಬಂದಿದೆ.

ಈಗ ಮಗಳಿಗೆ ಹೀಗೆ ಹೇಳಿ. ಅವಳ ತರಗತಿಯ ಸರಾಸರಿ ಅಂಕ 60ರಿಂದ 65ಕ್ಕೆ ಏರಿತು ಅಂದುಕೊಳ್ಳಿ. ನಡುವಿನವರಲ್ಲಿ ದೊಡ್ಡ ಬದಲಾವಣೆ ಕಾಣಿಸುವುದಿಲ್ಲ. ಆದರೆ 90 ದಾಟಿದವರು ಮೊದಲು ಒಬ್ಬರಿದ್ದರೆ ಈಗ ನಾಲ್ಕೈದು ಜನ ಇರುತ್ತಾರೆ. ಸರಾಸರಿ ಸ್ವಲ್ಪ ಸರಿದರೆ ತುದಿಗಳು ಬಹಳ ಬದಲಾಗುತ್ತವೆ. ಬಿಸಿಲಿನದೂ ಇದೇ ಕಥೆ. ಹಿಂದೆ 50 ವರ್ಷಕ್ಕೊಮ್ಮೆ ಬರುತ್ತಿದ್ದಂಥ ಭೀಕರ ಸೆಕೆ, ಸರಾಸರಿ 1 ಡಿಗ್ರಿ ಏರಿದಾಗ ಸುಮಾರು ಐದು ಪಟ್ಟು ಹೆಚ್ಚು ಸಲ ಬರುತ್ತದೆ, ಒಂದೂವರೆ ಏರಿದರೆ ಎಂಟೂವರೆ ಪಟ್ಟು, 2 ಡಿಗ್ರಿ ಏರಿದರೆ ಹದಿನಾಲ್ಕು ಪಟ್ಟು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿಯ ಅಂದಾಜು ಇದು. ಒಂದೂವರೆಗೂ ಎರಡಕ್ಕೂ ನಡುವಿನ ಆ ಅರ್ಧ ಡಿಗ್ರಿಗಾಗಿ ದೇಶಗಳು ಯಾಕೆ ಅಷ್ಟು ಹೋರಾಡುತ್ತವೆ ಎಂದು ಅವಳಿಗೆ ಈ ಮೂರು ಸಂಖ್ಯೆಗಳಲ್ಲೇ ಅರ್ಥವಾಗುತ್ತದೆ.

ಅದೇ ವರ್ಷ ಜೂನ್ 29ರಂದು ಕೆನಡಾದ ಲಿಟ್ಟನ್ ಎಂಬ ಸಣ್ಣ ಊರಿನಲ್ಲಿ 49.6 ಡಿಗ್ರಿ ದಾಖಲಾಯಿತು. ಆ ದೇಶದ ಹಳೆಯ ದಾಖಲೆ 45. ದಾಖಲೆಗಳು ಸಾಮಾನ್ಯವಾಗಿ ದಶಮಾಂಶಗಳಲ್ಲಿ ಮುರಿಯುತ್ತವೆ. ಇದು ನಾಲ್ಕೂವರೆ ಡಿಗ್ರಿಯಷ್ಟು ಜಿಗಿದಿತ್ತು. ಮರುದಿನವೇ ಬೆಂಕಿ ಬಿದ್ದು ಊರಿನ ಬಹುಭಾಗ ಸುಟ್ಟುಹೋಯಿತು. ನಮ್ಮ ಕ್ಷೇತ್ರದವರೆಲ್ಲ ಆ ವಾರ ಸಂಖ್ಯೆಗಳನ್ನು ಮತ್ತೆ ಮತ್ತೆ ಓದಿ ನಂಬಲಾರದೆ ಕೂತಿದ್ದೆವು.

ಸೆಕೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ನೀರು ಆರುತ್ತಾ ಶಾಖ ಎಳೆದುಕೊಂಡು ಪಾದರಸ ಕೆಳಗಿಳಿಯುತ್ತದೆ. ಅಲ್ಲಿ ಸಿಗುವ ಅಳತೆಯೇ ವೆಟ್ ಬಲ್ಬ್ ತಾಪಮಾನ. ನಮ್ಮ ಮೈ ಕೂಡ ಬೆವರಿ ತಂಪಾಗುವುದು ಇದೇ ಉಪಾಯದಿಂದ. ಗಾಳಿ ಒಣಗಿದ್ದರೆ 42 ಡಿಗ್ರಿಯಲ್ಲೂ ಬೆವರು ಆರುತ್ತದೆ, ಜೀವ ತಡೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಹರಿಯುತ್ತದೆ, ಆರುವುದಿಲ್ಲ. ವೆಟ್ ಬಲ್ಬ್ 35 ಡಿಗ್ರಿ ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕೂತ ಆರೋಗ್ಯವಂತನೂ ಕೆಲವೇ ಗಂಟೆ ಬದುಕಬಲ್ಲ ಎಂಬುದು ಸಿದ್ಧಾಂತದ ಲೆಕ್ಕ. ಪ್ರಯೋಗಗಳಲ್ಲಿ ಅದಕ್ಕಿಂತ ಹಲವು ಡಿಗ್ರಿ ಕೆಳಗೇ ದೇಹ ಸೋಲಲು ಶುರುವಾಗುವುದು ಕಂಡಿದೆ. ವಯಸ್ಸಾದವರು, ಹಸುಗೂಸುಗಳು, ಬಿಸಿಲಲ್ಲಿ ದುಡಿಯುವವರು ಇನ್ನೂ ಬೇಗ ಸೋಲುತ್ತಾರೆ. ಹಾಗಾಗಿ ಸುದ್ದಿಯಲ್ಲಿ ಬರುವ ಉಷ್ಣಾಂಶ ಒಂದನ್ನೇ ನೋಡಿ ನೆಮ್ಮದಿಯಾಗಿರಬೇಡಿ. ತೇವಾಂಶ ಎಷ್ಟಿದೆ ಎಂದೂ ನೋಡಿ.

ಆ ತೇವವೂ ಹೆಚ್ಚುತ್ತಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಮಳೆ ಬಾರದ ಕಡೆ ಅದೇ ಗಾಳಿ ಮಣ್ಣಿನಿಂದ ಇನ್ನಷ್ಟು ನೀರು ಹೀರುತ್ತದೆ. ಮಳೆ ಬರುವ ಕಡೆ ಒಮ್ಮೆಲೇ ಸುರಿಯುತ್ತದೆ. ಬರವೂ ನೆರೆಯೂ ಒಂದೇ ಕಾರಣದಿಂದ ಹೇಗೆ ಹೆಚ್ಚುತ್ತವೆ ಎಂದು ಗೊಂದಲಪಡುವವರಿಗೆ ಉತ್ತರ ಇಲ್ಲಿದೆ.

ಸಮುದ್ರದ ಕಥೆ ಕಣ್ಣಿಗೆ ಕಾಣದ್ದರಿಂದ ನಮಗೆ ತಟ್ಟುವುದಿಲ್ಲ. ಭೂಮಿಯಲ್ಲಿ ಉಳಿದುಕೊಳ್ಳುತ್ತಿರುವ ಹೆಚ್ಚುವರಿ ಶಾಖದ ಶೇ 90ರಷ್ಟನ್ನು ನುಂಗುತ್ತಿರುವುದು ಅದೇ. ಕಾದ ನೀರು ಹಿಗ್ಗುತ್ತದೆ, ಮೇಲೆ ಕರಗಿದ ಮಂಜಿನ ನೀರೂ ಬಂದು ಸೇರುತ್ತದೆ. 1900ರಿಂದ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಉಪಗ್ರಹಗಳು ಅಳೆಯಲು ಶುರುಮಾಡಿದ 1993ರಿಂದ ಈಚೆಗೆ ಏರುವ ವೇಗವೇ ದುಪ್ಪಟ್ಟಾಗಿದೆ. ಹವಳದ ದಿಬ್ಬಗಳ ಪಾಲಿಗಂತೂ ಅರ್ಧ ಡಿಗ್ರಿಯೇ ಸಾವು ಬದುಕಿನ ಅಂತರ: ಒಂದೂವರೆ ಡಿಗ್ರಿಗೆ ಶೇ 70ರಿಂದ 90ರಷ್ಟು ನಾಶ, ಎರಡಕ್ಕೆ ಬಹುತೇಕ ಪೂರ್ತಿ. ಬೆಳೆ ಇಳುವರಿ, ಸೊಳ್ಳೆಯಿಂದ ಹರಡುವ ರೋಗಗಳು, ಕಾಡ್ಗಿಚ್ಚು ಇವುಗಳ ಬಗ್ಗೆ ಬೇಕಾದಷ್ಟು ಬರೆಯಬಹುದು, ಆದರೆ ನಿಮ್ಮ ಎರಡನೇ ಪ್ರಶ್ನೆ ಕಾಯುತ್ತಿದೆ.

ಗಿಡದ ವಿಷಯಕ್ಕೆ ಬರುವ ಮೊದಲು ಒಂದು ಲೀಟರ್ ಪೆಟ್ರೋಲನ್ನು ತೂಗಿ ನೋಡೋಣ. ಅದರ ತೂಕ ಸುಮಾರು ಮುಕ್ಕಾಲು ಕಿಲೋ. ಸುಟ್ಟಾಗ ಹೊರಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ 2.3 ಕಿಲೋ. ಮುಕ್ಕಾಲು ಕಿಲೋದಿಂದ ಎರಡೂಕಾಲು ಕಿಲೋ ಎಲ್ಲಿಂದ ಬಂತು? ಪೆಟ್ರೋಲಿನಲ್ಲಿರುವುದು 640 ಗ್ರಾಂ ಆಸುಪಾಸು ಇಂಗಾಲ. ಉರಿಯುವಾಗ ಇಂಗಾಲದ ಪ್ರತಿಯೊಂದು ಪರಮಾಣು ಗಾಳಿಯಿಂದ ಎರಡು ಆಮ್ಲಜನಕ ಪರಮಾಣುಗಳನ್ನು ಹಿಡಿದುಕೊಳ್ಳುತ್ತದೆ. ತೂಕದ ಬಹುಪಾಲು ಆ ಆಮ್ಲಜನಕದ್ದು. ನಲವತ್ತು ಲೀಟರಿನ ಒಂದು ಟ್ಯಾಂಕ್ ಖಾಲಿಯಾಗುವಷ್ಟರಲ್ಲಿ 90 ಕಿಲೋ ದಾಟುತ್ತದೆ. ಇದು ಬೂದಿಯಾಗಿ ಸೈಲೆನ್ಸರಿನಿಂದ ರಸ್ತೆಗೆ ಬೀಳುತ್ತಿದ್ದರೆ ನಾವು ನೂರು ವರ್ಷದ ಹಿಂದೆಯೇ ಎಚ್ಚೆತ್ತುಕೊಳ್ಳುತ್ತಿದ್ದೆವು. ಬಣ್ಣವಿಲ್ಲ, ವಾಸನೆಯಿಲ್ಲ, ಕಾಣುವುದಿಲ್ಲ, ಹಾಗಾಗಿ ಸುಮ್ಮನಿದ್ದೇವೆ.

ಹೀಗೆ ಬಿಟ್ಟದ್ದರಲ್ಲಿ ಹೆಚ್ಚೂಕಡಿಮೆ ಅರ್ಧವನ್ನು ಸಮುದ್ರ ಮತ್ತು ಸಸ್ಯಗಳು ಹೀರಿಕೊಳ್ಳುತ್ತವೆ. ಉಳಿದರ್ಧ ಗಾಳಿಯಲ್ಲೇ ನಿಲ್ಲುತ್ತದೆ, ಅದರ ಒಂದು ಪಾಲು ಸಾವಿರಾರು ವರ್ಷ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 280 ಇದರವಾಗಿದ್ದವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ಕೂತಾಗ ಸುಮಾರು 315. ಈಗ 420 ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ ಕೈಗಾರಿಕಾ ಯುಗದ ಮುಂಚಿನ ಎಂಟು ಲಕ್ಷ ವರ್ಷಗಳಲ್ಲಿ ಅದು ಎಂದೂ 300ರ ಆಸುಪಾಸನ್ನು ಮೀರಿರಲಿಲ್ಲ.

ಈ ಅನಿಲ ಶಾಖ ಹಿಡಿಯುತ್ತದೆ ಎನ್ನುವುದು ಈಚಿನ ಸಿದ್ಧಾಂತವೇನಲ್ಲ. 1856ರಲ್ಲಿ ಯುನಿಸ್ ಫುಟ್ ಎಂಬ ಅಮೆರಿಕದ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟಳು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು, ನೆರಳಿಗೆ ತಂದ ಮೇಲೂ ತಣ್ಣಗಾಗಲು ಬಹಳ ಹೊತ್ತು ತೆಗೆದುಕೊಂಡಿತು. ಗಾಳಿಯಲ್ಲಿ ಇದು ಹೆಚ್ಚಿದರೆ ಭೂಮಿ ಬಿಸಿಯಾಗುತ್ತದೆ ಎಂದು ಆಕೆ ಆಗಲೇ ಬರೆದಿಟ್ಟಳು. ಮೂರು ವರ್ಷದ ನಂತರ ಜಾನ್ ಟಿಂಡಲ್ ಇದನ್ನು ಇನ್ನೂ ಕರಾರುವಾಕ್ಕಾಗಿ ಅಳೆದ, 1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ ಎಷ್ಟು ಏರಬಹುದು ಎಂದು ಅಂದಾಜಿಸಿದ. ಬಿಸಿಯಾಗುತ್ತಿರುವುದಕ್ಕೆ ಸೂರ್ಯ ಕಾರಣವಿರಬಹುದಲ್ಲ ಎಂದು ಯಾರಾದರೂ ಕೇಳಿದರೆ ಒಂದೇ ಮಾತು ಸಾಕು: ಸೂರ್ಯ ಕಾರಣವಾಗಿದ್ದರೆ ವಾತಾವರಣ ಮೇಲಿನಿಂದ ಕೆಳಗಿನವರೆಗೂ ಕಾಯಬೇಕಿತ್ತು. ಆದರೆ ಕೆಳಪದರ ಕಾಯುತ್ತಿದೆ, ಅದರ ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಶಾಖ ಕೆಳಗೇ ಸಿಕ್ಕಿಕೊಂಡಿದೆ ಎಂಬುದರ ಗುರುತು ಅದು.

ಈಗ ನಿಮ್ಮ ಮೂರೂ ಪ್ರಶ್ನೆಗಳ ಗಂಟು ಎಲ್ಲಿದೆ ಎಂದು ಹೇಳುತ್ತೇನೆ. ತಾಪಮಾನವನ್ನು ನಿರ್ಧರಿಸುವುದು ಈ ವರ್ಷ ಎಷ್ಟು ಸುಟ್ಟೆವು ಎಂಬುದಲ್ಲ, ಇಲ್ಲಿಯವರೆಗೆ ಒಟ್ಟು ಎಷ್ಟು ಸುಟ್ಟಿದ್ದೇವೆ ಎಂಬುದು. ಇದು ಸಾಲದ ಹಾಗೆ. ಪ್ರತಿ ತಿಂಗಳು ಹತ್ತು ಸಾವಿರ ಸಾಲ ಮಾಡುತ್ತಿದ್ದವನು ಒಂಬತ್ತು ಸಾವಿರಕ್ಕೆ ಇಳಿಸಿದರೆ ಸಾಲ ತೀರಿದಂತಲ್ಲ, ಬೆಳೆಯುವ ವೇಗ ತಗ್ಗಿತು ಅಷ್ಟೇ. 2020ರಲ್ಲಿ ಕೊರೊನಾ ಬಂದು ಜಗತ್ತು ಬಾಗಿಲು ಹಾಕಿಕೊಂಡಾಗ ಪಳೆಯುಳಿಕೆ ಇಂಧನದಿಂದ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ 5ರಷ್ಟು ಇಳಿಯಿತು. ಆಕಾಶ ತಿಳಿಯಾಯಿತು, ಎಲ್ಲರೂ ಸಂತೋಷಪಟ್ಟರು. ಆದರೆ ಮೌನಾ ಲೋವಾದ ಗೆರೆ ಆ ವರ್ಷವೂ ಮೇಲಕ್ಕೇ ಹೋಯಿತು. ಅಸಲು ಬೆಳೆಯುತ್ತಲೇ ಇತ್ತು.

ಇದನ್ನು ಕೇಳಿ ಕೈಚೆಲ್ಲಬೇಡಿ, ಯಾಕೆಂದರೆ ಇದೇ ಲೆಕ್ಕದಲ್ಲಿ ಒಳ್ಳೆಯ ಸುದ್ದಿಯೂ ಇದೆ. ಹೊರಬಿಡುವುದು ಸೊನ್ನೆಗೆ ಬಂದರೆ ತಾಪಮಾನದ ಏರಿಕೆಯೂ ಹೆಚ್ಚೂಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಈಗಾಗಲೇ ಗಾಳಿಗೆ ಬಿಟ್ಟಿರುವುದರಿಂದಲೇ ದಶಕಗಳ ಕಾಲ ಬಿಸಿ ಏರುತ್ತದೆ, ತಪ್ಪಿಸಲಾಗದು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು ಗ್ರಹಿಕೆ. ನಾವು ಬಿಡುವುದನ್ನು ನಿಲ್ಲಿಸಿದರೆ ಸಮುದ್ರ ಮತ್ತು ಸಸ್ಯಗಳು ಹೀರಿಕೊಳ್ಳುವುದನ್ನು ಮುಂದುವರಿಸುತ್ತವೆ; ಸಮುದ್ರ ಇನ್ನೂ ಕಾಯುವುದರಿಂದ ಏರಬೇಕಾದ ಬಿಸಿಯನ್ನು ಆ ಇಳಿಕೆ ಸರಿದೂಗಿಸುತ್ತದೆ. ತಾಪಮಾನ ಹಳೆಯ ಮಟ್ಟಕ್ಕೆ ಇಳಿಯುವುದಿಲ್ಲ, ಸಮುದ್ರಮಟ್ಟವಂತೂ ಶತಮಾನಗಳವರೆಗೆ ನಿಧಾನವಾಗಿ ಏರುತ್ತಲೇ ಇರುತ್ತದೆ. ಆದರೆ ಸೆಕೆ, ಭಾರೀ ಮಳೆ ಇನ್ನಷ್ಟು ಕೆಡುವುದು ನಿಲ್ಲುತ್ತದೆ. ಹಾಗಾಗಿ ‘ತಡವಾಯಿತೇ’ ಎಂಬ ನಿಮ್ಮ ಪ್ರಶ್ನೆಗೆ ಹೌದು-ಇಲ್ಲ ಎಂಬ ಉತ್ತರ ಇಲ್ಲ. ಒಂದು ಲಕ್ಷ ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಸುಮಾರು 0.45 ಡಿಗ್ರಿ. ನಾವು ಈಗ ವರ್ಷಕ್ಕೆ ಬಿಡುತ್ತಿರುವುದು ಸುಮಾರು 4,000 ಕೋಟಿ ಟನ್. ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ 0.02 ಡಿಗ್ರಿ. ಐದು ವರ್ಷ ಮುಂಚೆ ನಿಲ್ಲಿಸಿದರೆ ಡಿಗ್ರಿಯ ಹತ್ತನೇ ಒಂದು ಭಾಗ ಉಳಿಯಿತು. ಆ ಹತ್ತನೇ ಒಂದು ಭಾಗಕ್ಕೆ ಎಷ್ಟು ಬೆಲೆ ಎಂದು ಮೇಲಿನ ಪಟ್ಟುಗಳ ಲೆಕ್ಕದಲ್ಲಿ ನೋಡಿದಿರಿ.

ಗಿಡ ನೆಡಿ, ಖಂಡಿತ ನೆಡಿ. ನೆರಳು, ತಂಪು, ಹಕ್ಕಿ, ಮಣ್ಣು ಎಲ್ಲಕ್ಕೂ ಅದು ಬೇಕು. ಒಣಮರದ ತೂಕದಲ್ಲಿ ಅರ್ಧ ಇಂಗಾಲವೇ. ಒಂದು ಟನ್ ಒಣಮರ ಬೆಳೆಯಲು ಗಾಳಿಯಿಂದ ಸುಮಾರು 1.8 ಟನ್ ಕಾರ್ಬನ್ ಡೈಆಕ್ಸೈಡ್ ಎಳೆದುಕೊಂಡಿರುತ್ತದೆ. ಆದರೆ ಅಷ್ಟು ಬೆಳೆಯಲು ದಶಕಗಳು ಬೇಕು, ಒಂದು ಕಾಡ್ಗಿಚ್ಚು ಅದನ್ನು ಒಂದೇ ಮಧ್ಯಾಹ್ನದಲ್ಲಿ ವಾಪಸು ಗಾಳಿಗೆ ಕಳಿಸಬಲ್ಲದು. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಡಿ ಭದ್ರವಾಗಿದ್ದ ಇಂಗಾಲ. ಅದನ್ನು ಮೇಲೆತ್ತಿ ಸುಟ್ಟು, ಗಿಡದಲ್ಲಿ ಬಚ್ಚಿಡುತ್ತೇವೆ ಎನ್ನುವುದು ತಿಜೋರಿಯ ಒಡವೆ ತೆಗೆದು ಅಂಗಳದಲ್ಲಿ ಇಟ್ಟ ಹಾಗೆ. ನನ್ನ ಅಭಿಪ್ರಾಯದಲ್ಲಿ ಹೊಸ ಸಸಿಗಿಂತ ಮುಖ್ಯವಾದದ್ದು ಇರುವ ಹಳೆಯ ಕಾಡು, ಜೌಗು, ಕಾಂಡ್ಲಾ ಕಾಡುಗಳನ್ನು ಕಡಿಯದೆ ಬಿಡುವುದು. ಹುಲ್ಲುಗಾವಲಿಗೆ ಮರ ತುಂಬುವುದಂತೂ ಬೇಡ. ಅದರ ಇಂಗಾಲ ಬೇರಿನಲ್ಲಿ, ಮಣ್ಣಿನಲ್ಲಿ ಈಗಾಗಲೇ ಸುರಕ್ಷಿತವಾಗಿದೆ.

ಹಾಗಾದರೆ ಕೈ ಹಾಕಬೇಕಾದ್ದು ಎಲ್ಲಿ? ಮೊದಲು ವಿದ್ಯುತ್ತಿಗೆ. ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುವಾಗ ಸುಮಾರು ಮೂರನೇ ಎರಡು ಭಾಗ ಶಕ್ತಿ ಬರೀ ಶಾಖವಾಗಿ ಪೋಲಾಗುತ್ತದೆ. ಒಂದು ಯೂನಿಟ್‌ಗೆ ಹೆಚ್ಚೂಕಡಿಮೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್. 2010ರಿಂದ 2019ರ ನಡುವೆ ಸೌರವಿದ್ಯುತ್ತಿನ ವೆಚ್ಚ ಶೇ 85ರಷ್ಟು, ಲಿಥಿಯಂ ಬ್ಯಾಟರಿಯದೂ ಅಷ್ಟೇ, ಗಾಳಿವಿದ್ಯುತ್ತಿನದು ಶೇ 55ರಷ್ಟು ಇಳಿಯಿತು. ನಾನು ಓದುವಾಗ ಇದನ್ನು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ವಿದ್ಯುತ್ ಶುದ್ಧವಾದರೆ ವಾಹನ, ಅಡುಗೆ, ಕಾರ್ಖಾನೆಯ ಬಾಯ್ಲರ್ ಇವನ್ನೆಲ್ಲ ಅದರ ಮೇಲೆ ಓಡಿಸಬಹುದು. ಸಿಮೆಂಟ್, ಉಕ್ಕು, ವಿಮಾನ ಇವು ಕಷ್ಟದ ಬಾಬತ್ತುಗಳು, ಅವಕ್ಕೆ ಸಮಯ ಹಿಡಿಯುತ್ತದೆ.

ಎರಡನೆಯದು ಮಿಥೇನ್. ಇದು ಗಾಳಿಯಲ್ಲಿ ಸುಮಾರು ಹನ್ನೆರಡು ವರ್ಷ ಮಾತ್ರ ಇರುತ್ತದೆ, ಆದರೆ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿನ 80 ಪಟ್ಟು ಶಾಖ ಹಿಡಿಯುತ್ತದೆ. ತೈಲಬಾವಿ, ಅನಿಲ ಕೊಳವೆ, ಕಲ್ಲಿದ್ದಲು ಗಣಿಗಳಿಂದ ಸೋರುತ್ತದೆ. ದನಗಳ ಹೊಟ್ಟೆಯಿಂದ, ನೀರು ನಿಂತ ಗದ್ದೆಯಿಂದ, ಕಸದ ರಾಶಿಯಲ್ಲಿ ಕೊಳೆಯುವ ಆಹಾರದಿಂದ ಏಳುತ್ತದೆ. ಇದನ್ನು ತಗ್ಗಿಸಿದರೆ ಪರಿಣಾಮ ನಮ್ಮ ಕಾಲದಲ್ಲೇ ಕಾಣುತ್ತದೆ. ಬಾವಿಯಲ್ಲಿ ಸೋರುವುದು ಮಾರಬಹುದಾದ ಸರಕು, ಹಾಗಿದ್ದೂ ಸೋರಲು ಬಿಡುತ್ತಿರುವುದು ನನಗೆ ಇಂದಿಗೂ ಸಂಕಟ ತರುವ ವಿಷಯ.

ಮನೆಮಟ್ಟದಲ್ಲಿ ಏನು ಎಂದು ಎಲ್ಲರೂ ಕೇಳುತ್ತಾರೆ. ಚಿಕ್ಕದೆಂದು ಕಡೆಗಣಿಸಿದ ಒಂದನ್ನು ಹೇಳುತ್ತೇನೆ: ಏಸಿಯೊಳಗಿನ ಗ್ಯಾಸ್. ಬಹಳ ಏಸಿಗಳಲ್ಲಿ ಇರುವ ಆರ್-410ಎ ಕಾರ್ಬನ್ ಡೈಆಕ್ಸೈಡಿನ ಸುಮಾರು 2,000 ಪಟ್ಟು ಶಾಖ ಹಿಡಿಯುತ್ತದೆ. ಒಂದು ಮನೆಯ ಏಸಿಯಲ್ಲಿ ಹತ್ತಿರ ಹತ್ತಿರ ಒಂದು ಕಿಲೋ ಇರುತ್ತದೆ. ಅದು ಗಾಳಿಗೆ ಹೋದರೆ 900 ಲೀಟರ್ ಪೆಟ್ರೋಲ್ ಸುಟ್ಟದ್ದಕ್ಕೆ ಸಮ. ಏಸಿ ಬಿಚ್ಚಿ ಬೇರೆ ಕಡೆ ಸಾಗಿಸುವಾಗ ಪೈಪ್ ಸಡಿಲಿಸಿ ಎಲ್ಲವನ್ನೂ ಹೊರಗೆ ಬಿಟ್ಟುಬಿಡುವ ಮೆಕ್ಯಾನಿಕ್‌ಗಳಿದ್ದಾರೆ. ‘ಪಂಪ್ ಡೌನ್ ಮಾಡಿ’ ಎಂದು ಕೇಳಿ. ಗ್ಯಾಸನ್ನು ಹೊರಗಿನ ಯೂನಿಟ್ಟಿನೊಳಗೆ ಎಳೆದು ವಾಲ್ವ್ ಮುಚ್ಚುತ್ತಾರೆ, ಕೆಲವೇ ನಿಮಿಷದ ಕೆಲಸ. ಪ್ರತಿ ವರ್ಷ ಟಾಪ್ ಅಪ್ ಮಾಡಿಸಬೇಕಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಮೊದಲು ಆ ತೂತು ಮುಚ್ಚಿಸಿ. ಹೊಸದು ಕೊಳ್ಳುವಾಗ ಆರ್-32 ಅಥವಾ ಆರ್-290 ಇರುವುದನ್ನು ನೋಡಿ. ಮೊದಲನೆಯದರ ಪ್ರಭಾವ ಆರ್-410ಎಯ ಮೂರನೇ ಒಂದರಷ್ಟು, ಎರಡನೆಯದು ಪ್ರೊಪೇನ್, ಅದರದು ತೀರಾ ನಗಣ್ಯ.

ಇದರ ಜೊತೆ ಊಟ ಚೆಲ್ಲದಿರುವುದು, ಹತ್ತಿರದ ಓಡಾಟಕ್ಕೆ ಕಾಲು ಅಥವಾ ಸೈಕಲ್ಲು, ದೂರಕ್ಕೆ ಬಸ್ಸು ರೈಲು. ಆದರೆ ಎಲ್ಲ ಹೊಣೆಯನ್ನೂ ಮನೆಯ ಸ್ವಿಚ್ಚಿನ ಮೇಲೆ ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿಯವರೆಗೆ ಜಗತ್ತು ಸುಟ್ಟ ಪಳೆಯುಳಿಕೆ ಇಂಧನದಿಂದ ಬಂದ ಕಾರ್ಬನ್ ಡೈಆಕ್ಸೈಡಿನ ಕಾಲು ಭಾಗ ಅಮೆರಿಕ ಒಂದರದೇ. ಬಸ್ಸೇ ಬಾರದ ಊರಿನವನಿಗೆ ಬೈಕ್ ಬಿಡು ಎನ್ನುವುದು ನ್ಯಾಯವಲ್ಲ. ಬಸ್ಸು ಬರುವಂತೆ, ಗ್ರಿಡ್ಡಿಗೆ ಶುದ್ಧ ವಿದ್ಯುತ್ ಹರಿಯುವಂತೆ ಮಾಡಬೇಕಾದ್ದು ಸರ್ಕಾರಗಳು, ಅದನ್ನು ಕೇಳಬೇಕಾದವರು ನಾವು. ಕೇಳಿದರೆ ಆಗುತ್ತದೆಯೇ? ಓಝೋನ್ ಪದರ ಕೊರೆಯುತ್ತಿದ್ದ ಅನಿಲಗಳಾದ ಸಿಎಫ್‌ಸಿಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದಿಂದ ಜಗತ್ತು ಕೈಬಿಟ್ಟಿತು, ಓಝೋನ್ ಚೇತರಿಸಿಕೊಳ್ಳುತ್ತಿದೆ. 2016ರಲ್ಲಿ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ತಿದ್ದುಪಡಿ ತಂದು ಆರ್-410ಎಯಂಥ ಅನಿಲಗಳನ್ನೂ ಹಂತಹಂತವಾಗಿ ತಗ್ಗಿಸಲು ದೇಶಗಳು ಒಪ್ಪಿವೆ. ಪ್ಯಾರಿಸ್ ಒಪ್ಪಂದದ ಹೊತ್ತಿಗೆ ಭೂಮಿ 4 ಡಿಗ್ರಿಯ ಕಡೆಗೆ ಹೊರಟಿತ್ತು. ಈಗಿನ ನೀತಿಗಳ ಪ್ರಕಾರ ಅಂದಾಜು 3ರ ಆಸುಪಾಸಿನಲ್ಲಿದೆ. ಇದು ಸಾಲದು, ಆದರೂ ಆ ಒಂದು ಡಿಗ್ರಿ ಇಳಿಸಿದ್ದು ಮನುಷ್ಯರೇ.

ಕೊನೆಯದಾಗಿ, ಮಗಳಿಗೆ ಒಂದು ಕೆಲಸ ಕೊಡಿ. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಎರಡು ಥರ್ಮಾಮೀಟರ್ ಬೇಕು. ಜ್ವರ ನೋಡುವುದು ಆಗದು. ಎರಡನ್ನೂ ನೆರಳಲ್ಲಿ ಪಕ್ಕಪಕ್ಕ ತೂಗುಹಾಕಿ, ಒಂದರ ಬುಡಕ್ಕೆ ತೆಳು ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಲೋಟದಲ್ಲಿ ಇಳಿಬಿಡಲಿ. ಓದುವ ಮೊದಲು ಎರಡು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಿ, ಬೇಸಿಗೆಯ ಒಂದು ತಿಂಗಳು ದಿನಕ್ಕೆ ಮೂರು ಸಲ ಎರಡರ ಅಂಕಿಯನ್ನೂ ಪುಸ್ತಕದಲ್ಲಿ ಬರೆದಿಡಲಿ. ಅಂತರ ಏಳೆಂಟು ಡಿಗ್ರಿ ಇರುವ ದಿನ ಮೈಗೆ ಹೇಗನ್ನಿಸಿತು, ಎರಡೇ ಡಿಗ್ರಿಗೆ ಇಳಿದ ದಿನ ಹೇಗನ್ನಿಸಿತು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಪುಸ್ತಕ ತುಂಬಿದ ಮೇಲೆ ಅವಳಿಗೆ ಹುಟ್ಟುವ ಪ್ರಶ್ನೆಗಳನ್ನು ನನಗೆ ಕಳಿಸಿ.